ಪೆಟ್ರೋಲ್ ಕುದಿಯುವುದು ಎಲ್ಲಿ? ಎಂಜಿಬಿ ಕಾರಿನ ಬಿಸಿಯ ಲೆಕ್ಕಾಚಾರ

ಬಿಸಿಲಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಓಡಿದ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಮುಂದೆಯೋ ನಿಲ್ಲಿಸಿ, ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಹತ್ತಿಕೊಂಡರೂ ಸ್ವಲ್ಪ ದೂರ ಮಿಸ್ ಹೊಡೆಯುತ್ತ, ಕೆಮ್ಮುತ್ತ ಹೋಗುತ್ತದೆ. ಅದೇ ಕಾರನ್ನು ಒಂದೂವರೆ ಗಂಟೆ ಬಿಟ್ಟು ನೋಡಿದರೆ ಮೊದಲ ತಿರುವಿಗೇ ಸ್ಟಾರ್ಟ್. ಇದನ್ನು ವೇಪರ್ ಲಾಕ್ (ಪಂಪಿನಲ್ಲೋ ಪೈಪಿನಲ್ಲೋ ಆವಿ ಕಟ್ಟಿಕೊಂಡು ಪೆಟ್ರೋಲ್ ಹರಿಯದಿರುವುದು) ಎಂದುಕೊಂಡ ಮಾಲೀಕರು ಹೊಸ ಪಂಪು, ಅಲ್ಯೂಮಿನಿಯಂ ರೇಡಿಯೇಟರ್, ದೊಡ್ಡ ಫ್ಯಾನು ಎಂದು ಒಂದೊಂದಾಗಿ ಕೊಳ್ಳುತ್ತ ಹೋಗುತ್ತಾರೆ. ಇವುಗಳಲ್ಲಿ ಬಹುಪಾಲು ಈ ರೋಗಕ್ಕೆ ಔಷಧವೇ ಅಲ್ಲ. ಹಣ ಬಿಚ್ಚುವ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಯೆಂದರೆ, ಪೆಟ್ರೋಲ್ ಎಲ್ಲಿ ಕುದಿಯುತ್ತಿದೆ ಮತ್ತು ಯಾವಾಗ ಕುದಿಯುತ್ತಿದೆ ಎನ್ನುವುದು.

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಅದರಲ್ಲಿರುವುದು ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಎಂಜಿನ್: ನಾಲ್ಕು ಸಿಲಿಂಡರ್, 1798 ಸಿಸಿ, ಬ್ಲಾಕು ಹೆಡ್ಡು ಎರಡೂ ಬೀಡುಕಬ್ಬಿಣ. ಮಿಶ್ರಣ ಒಳಗೆ ಹೋಗುವ ದಾರಿ, ಸುಟ್ಟ ಅನಿಲ ಹೊರಗೆ ಬರುವ ದಾರಿ ಎರಡೂ ಎಂಜಿನ್ನಿನ ಒಂದೇ ಬದಿಯಲ್ಲಿ, ಎಡಗಡೆಯಲ್ಲಿವೆ. ಹೀಗಾಗಿ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್‌ಗಳು ಸುಟ್ಟ ಅನಿಲ ಹೊರಸಾಗಿಸುವ ಬೀಡುಕಬ್ಬಿಣದ ಕೊಳವೆಯ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮಗ್ಗುಲಲ್ಲೇ, ಅದಕ್ಕಿಂತ ತುಸು ಮೇಲೆ ಕೂತಿವೆ. ಬಿಸಿ ಗಾಳಿ ಮೇಲಕ್ಕೇಳುತ್ತದೆ. ಅದು ಏಳುವ ಜಾಗದಲ್ಲೇ ಕಾರ್ಬುರೇಟರಿಗೆ ಬೇಕಾದ ಪೆಟ್ರೋಲ್ ಹಿಡಿದಿಡುವ ಎರಡು ಪುಟ್ಟ ಫ್ಲೋಟ್ ಚೇಂಬರ್‌ಗಳಿವೆ. ಇಡೀ ಸಮಸ್ಯೆಯ ಬೇರು ಈ ವಿನ್ಯಾಸದಲ್ಲಿದೆ.

ಕನ್ನಡ ಓದುಗರಿಗೆ ಈ ಎಂಜಿನ್ ಅಪರಿಚಿತವೇನಲ್ಲ. ಅಂಬಾಸಿಡರ್ ಕಾರಿನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಬಿ-ಸೀರೀಸ್ ಮನೆತನದ್ದು. ಬೇಸಿಗೆಯಲ್ಲಿ ಅಂಬಾಸಿಡರ್ ಟ್ಯಾಕ್ಸಿಯ ಬಾನೆಟ್ ಎತ್ತಿ ಫ್ಯುಯೆಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದನ್ನು ಹಿಂದಿನ ತಲೆಮಾರಿನ ಚಾಲಕರೆಲ್ಲ ಬಲ್ಲರು. ಅಲ್ಲಿ ಅದು ಸರಿಯಾದ ಮದ್ದೇ. ಅಂಬಾಸಿಡರ್‌ನ ಪಂಪು ಎಂಜಿನ್ ಬ್ಲಾಕಿಗೇ ಕಚ್ಚಿಕೊಂಡಿರುವ ಯಾಂತ್ರಿಕ ಪಂಪು. ಅದು ಹಿಂಬದಿಯ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ಎಳೆಯಬೇಕು. ಹೀರುವ ಕಡೆ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದಲ್ಲಿ ದ್ರವ ಬೇಗ ಕುದಿಯುತ್ತದೆ, ಪಂಪಿನ ಪೊರೆ ಆವಿಯನ್ನು ಹಿಂಡುತ್ತ ಕೂರುತ್ತದೆಯೇ ಹೊರತು ಪೆಟ್ರೋಲನ್ನು ಮುಂದೆ ತಳ್ಳುವುದಿಲ್ಲ. ನಿಜವಾದ ವೇಪರ್ ಲಾಕ್ ಅದೇ. ಒದ್ದೆ ಬಟ್ಟೆಯ ನೀರು ಆರುವಾಗ ಪಂಪಿನ ಶಾಖವನ್ನು ಎಳೆದುಕೊಳ್ಳುತ್ತದೆ, ಮಣ್ಣಿನ ಹೂಜಿ ನೀರನ್ನು ತಂಪಾಗಿಡುವ ಹಾಗೆ.

ಎಂಜಿಬಿಯಲ್ಲಿ ಪಂಪು ಇರುವುದು ಕಾರಿನ ಹಿಂಭಾಗದಲ್ಲಿ, ಟ್ಯಾಂಕಿನ ಸಮೀಪ. ಅದು ವಿದ್ಯುತ್ತಿನ ಎಸ್‌ಯು ಪಂಪು. ಪೆಟ್ರೋಲನ್ನು ಚದರ ಇಂಚಿಗೆ ಸುಮಾರು 3 ಪೌಂಡ್ ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತದೆ. ಪೈಪಿನ ಉದ್ದಕ್ಕೂ ಒತ್ತಡ ಹೊರಗಿನ ಗಾಳಿಗಿಂತ ಹೆಚ್ಚಿರುವುದರಿಂದ ಅಲ್ಲಿ ಪೆಟ್ರೋಲ್ ಕುದಿಯುವ ಬಿಸಿ ಐದಾರು ಡಿಗ್ರಿ ಮೇಲೇರುತ್ತದೆ. ಆದ್ದರಿಂದ ಈ ಕಾರಿನಲ್ಲಿ, ಓಡುತ್ತಿರುವಾಗ, ಪೈಪಿನೊಳಗೆ ಆವಿ ಕಟ್ಟಿಕೊಳ್ಳುವುದು ಅಪರೂಪ. ಕುದಿಯುವುದು ಕಾರು ನಿಂತ ಮೇಲೆ, ಫ್ಲೋಟ್ ಚೇಂಬರಿನಲ್ಲಿ ಮತ್ತು ಅದರ ಹಿಂದಿನ ಒಂದು ಗೇಣು ಹೋಸ್ ಪೈಪಿನಲ್ಲಿ. ಓಡುವಾಗ ತಾಜಾ ಪೆಟ್ರೋಲ್ ಹರಿದು ಬಂದು ಕಾರ್ಬುರೇಟರನ್ನು ತಣ್ಣಗಿಡುತ್ತಿರುತ್ತದೆ. ಕಾರ್ಬುರೇಟರಿನ ಗಂಟಲಿನಲ್ಲಿ ಪೆಟ್ರೋಲ್ ಆವಿಯಾಗುವುದರಿಂದಲೂ ತಂಪು ಸಿಗುತ್ತದೆ. ಫ್ಯಾನು, ಎದುರುಗಾಳಿ ಎರಡೂ ಕೆಲಸದಲ್ಲಿರುತ್ತವೆ. ಕೀಲಿ ಆರಿಸಿದ ಕ್ಷಣ ಇವೆಲ್ಲ ಒಟ್ಟಿಗೆ ನಿಲ್ಲುತ್ತವೆ, ಆದರೆ ನೂರಾರು ಡಿಗ್ರಿ ಬಿಸಿಯಿರುವ ಮ್ಯಾನಿಫೋಲ್ಡ್ ತನ್ನ ಶಾಖವನ್ನು ಬಿಡುತ್ತಲೇ ಇರುತ್ತದೆ. ಕಾರ್ಬುರೇಟರ್ ಅತಿ ಹೆಚ್ಚು ಬಿಸಿಯಾಗುವುದು ಎಂಜಿನ್ ಆರಿಸಿದ ಹತ್ತರಿಂದ ಇಪ್ಪತ್ತು ನಿಮಿಷದ ನಡುವೆ. ಹದಿನೈದು ನಿಮಿಷದ ನಿಲುಗಡೆಯೇ ತೊಂದರೆ ಕೊಡುವುದು ಇದರಿಂದಾಗಿ.

ಪೆಟ್ರೋಲಿಗೆ ನೀರಿನಂತೆ ಒಂದೇ ಕುದಿಬಿಂದು ಇಲ್ಲ. ಅದು ನೂರಾರು ದ್ರವಗಳ ಮಿಶ್ರಣ; ಹಗುರವಾದವು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ, ಭಾರವಾದವು 200 ಡಿಗ್ರಿ ದಾಟುವವರೆಗೂ ಉಳಿಯುತ್ತವೆ. ಈ ಕಾರು ವಿನ್ಯಾಸಗೊಂಡ ಕಾಲದ ಪೆಟ್ರೋಲಿನಲ್ಲಿ ಇಂದಿನಷ್ಟು ಹಗುರ ಪಾಲು ಇರಲಿಲ್ಲ, ಎಥನಾಲ್ ಕೂಡ ಇರಲಿಲ್ಲ. ಎಥನಾಲ್ ತಾನೊಂದೇ ಇದ್ದರೆ 78 ಡಿಗ್ರಿಗೆ ಕುದಿಯುತ್ತದೆ, ಅದರ ಆವಿಯ ಒತ್ತಡವೂ ಕಡಿಮೆ. ಆದರೆ ಪೆಟ್ರೋಲಿನೊಂದಿಗೆ ಬೆರೆತಾಗ ಅಲ್ಲಿನ ಹಗುರ ದ್ರವಗಳ ಜತೆಗೂಡಿ, ಎರಡೂ ಬೇರೆಬೇರೆಯಾಗಿ ಕುದಿಯುವುದಕ್ಕಿಂತ ಕೆಳಗಿನ ಬಿಸಿಯಲ್ಲೇ ಕುದಿಯುತ್ತದೆ. ಆವಿಯ ಒತ್ತಡ ಅತಿ ಹೆಚ್ಚಾಗುವುದು ಶೇ. 5ರಿಂದ 10 ಎಥನಾಲ್ ಇದ್ದಾಗ. ಶೇ. 20ಕ್ಕೆ ಹೋದರೆ ಆ ಒತ್ತಡ ಅಲ್ಪ ಇಳಿಯುತ್ತದೆ, ಆದರೆ 70 ಡಿಗ್ರಿ ಮುಟ್ಟುವಷ್ಟರಲ್ಲಿ ಆವಿಯಾಗಿಬಿಡುವ ಪಾಲು ಏರುತ್ತದೆ. ಕಾರ್ಬುರೇಟರಿಗೆ ಮುಖ್ಯವಾದದ್ದು ಈ ಎರಡನೆಯದು.

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಇ10, ಅಂದರೆ ಶೇ. 10ರವರೆಗೆ ಎಥನಾಲ್ ಬೆರೆತದ್ದು. ಹಳೆಯ ಕಾರಿನವರಿಗಾಗಿ ಇ5 ಸೂಪರ್ ದರ್ಜೆ ಉಳಿದಿದೆ. ಅಲ್ಲಿರುವವರು ಆ ದರ್ಜೆಯನ್ನೇ ಹಾಕಿಸುವುದು ಒಳ್ಳೆಯದು. ಭಾರತದಲ್ಲಿ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ದೇಶದ ಒಟ್ಟು ಮಿಶ್ರಣವೇ ಶೇ. 20 ಮುಟ್ಟಿತು. ಅಮೆರಿಕದಲ್ಲಿರುವವರಿಗೆ ಇನ್ನೊಂದು ಸಂಗತಿ: ಅಲ್ಲಿ ಚಳಿಗಾಲದ ಪೆಟ್ರೋಲನ್ನು ಬೇಗ ಆವಿಯಾಗುವಂತೆಯೇ ತಯಾರಿಸುತ್ತಾರೆ. ಚಳಿಗಾಲದಲ್ಲಿ ತುಂಬಿಸಿಟ್ಟ ಟ್ಯಾಂಕನ್ನು ಏಪ್ರಿಲಿನ ಮೊದಲ ಬಿಸಿ ದಿನ ಹೊರತೆಗೆದರೆ, ಜುಲೈನಲ್ಲಿ ಬರದ ತೊಂದರೆ ಆ ದಿನ ಬರುತ್ತದೆ. ಹಳೆಯದನ್ನು ಖಾಲಿ ಮಾಡಿ ಹೊಸದು ಹಾಕಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಪೆಟ್ರೋಲಿನ ಕುದಿಯೂ ಅದೇ ರೀತಿ ಒಂದೆರಡು ಮೆಟ್ಟಿಲು ಕೆಳಗಿಳಿದಿರುತ್ತದೆ. ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಎಂಜಿನ್ ದುಡಿಯುತ್ತದೆ, ಎದುರುಗಾಳಿ ಇರುವುದಿಲ್ಲ, ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಹತ್ತಿದ ಕೂಡಲೇ ತುದಿಯಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸುವುದು ಕಾರ್ಬುರೇಟರಿಗೆ ಮಾಡಬಹುದಾದ ಅತಿ ಕೆಟ್ಟ ಕೆಲಸ. ಎರಡು ಮೂರು ನಿಮಿಷ ಐಡಲಿಂಗಿನಲ್ಲಿ ಬಿಟ್ಟು ಆಮೇಲೆ ಆರಿಸಬೇಕು.

ಇನ್ನು ಪತ್ತೆ ಮಾಡುವ ಕೆಲಸ. ಬಿಸಿಯಲ್ಲಿ ನಿಲ್ಲುವ ಎಂಜಿಬಿಗಳಲ್ಲಿ ಒಂದು ದೊಡ್ಡ ಪಾಲಿಗೆ ಪೆಟ್ರೋಲಿನ ತೊಂದರೆಯೇ ಇರುವುದಿಲ್ಲ. ಡಿಸ್ಟ್ರಿಬ್ಯೂಟರಿನ ಒಳಗಿನ ಕಂಡೆನ್ಸರೋ ಇಗ್ನಿಷನ್ ಕಾಯಿಲೋ ಬಿಸಿಯಾದಾಗ ಕೈಕೊಡುತ್ತಿರುತ್ತದೆ. ತಣ್ಣಗಾದ ಮೇಲೆ ಅವೂ ಸರಿಹೋಗುವುದರಿಂದ ಲಕ್ಷಣ ಒಂದೇ ತೆರನಾಗಿ ಕಾಣುತ್ತದೆ. ಎಂಜಿನ್ ಸಾಯುವ ರೀತಿಯಲ್ಲೇ ಸುಳಿವಿದೆ. ಸ್ವಿಚ್ ಆರಿಸಿದಂತೆ ಥಟ್ಟನೆ ನಿಂತರೆ, ಟ್ಯಾಕೋಮೀಟರ್ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ, ಇಗ್ನಿಷನ್ ಕಡೆ ನೋಡಿ. ಎಳೆತ ಕಡಿಮೆಯಾಗಿ, ಕೆಮ್ಮಿ, ಕುಂಟುತ್ತ ನಿಂತರೆ ಪೆಟ್ರೋಲಿನ ಕಡೆ ನೋಡಿ. ಅನುಮಾನವಿದ್ದರೆ ನಿಂತ ಜಾಗದಲ್ಲೇ ಒಂದು ಬಿಡಿ ಸ್ಪಾರ್ಕ್ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ, ಕಾರ್ಬುರೇಟರಿನಿಂದ ದೂರದಲ್ಲಿಟ್ಟು ಸೆಲ್ಫ್ ಹೊಡೆಸಬೇಕು. ಗಟ್ಟಿ ನೀಲಿ ಕಿಡಿ ಬಂದರೆ ಇಗ್ನಿಷನ್ ನಿರ್ದೋಷಿ. ಹಳದಿ, ಸಣಕಲು ಕಿಡಿ ಬಂದರೆ ಕಂಡೆನ್ಸರ್ ಬದಲಿಸಿ. ಹೊಸದಾಗಿ ಸಿಗುವ ಕಂಡೆನ್ಸರ್‌ಗಳಲ್ಲಿ ಕಳಪೆಯವು ಬಹಳ ಇರುವುದರಿಂದ, ಕೆಲಸ ಮಾಡುತ್ತಿರುವ ಹಳೆಯದನ್ನು ಎಸೆಯದೆ ಡಿಕ್ಕಿಯಲ್ಲಿಟ್ಟುಕೊಳ್ಳಿ.

ಪೆಟ್ರೋಲಿನ ಕಡೆಯ ಸುದ್ದಿಯನ್ನು ಎಸ್‌ಯು ಪಂಪೇ ಹೇಳುತ್ತದೆ. ಕೀಲಿ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕಿವಿಗೊಡಬೇಕು. ತಣ್ಣಗಿನ ಕಾರಿನಲ್ಲಿ ಪಂಪು ಕೆಲವು ಬಾರಿ ಟಕ್ ಟಕ್ ಎಂದು, ಚೇಂಬರ್ ತುಂಬಿದ ಮೇಲೆ ನಿಲ್ಲುತ್ತದೆ. ಬಿಸಿ ಕಾರಿನಲ್ಲಿ ಹತ್ತಾರು ಬಾರಿ ಬಡಿದು ನಂತರ ನಿಂತರೆ, ಚೇಂಬರಿನ ಪೆಟ್ರೋಲ್ ಕುದಿದು ಖಾಲಿಯಾಗಿತ್ತು, ಈಗ ಮತ್ತೆ ತುಂಬಿತು ಎಂದರ್ಥ. ಬಡಿತ ನಿಲ್ಲದೆ ಬಿರುಸಾಗಿ ಸಾಗಿದರೆ ಮೂರು ಕಾರಣಗಳಿರಬಹುದು: ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲ, ಟ್ಯಾಂಕು ಮತ್ತು ಪಂಪಿನ ನಡುವೆ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ, ಇಲ್ಲವೇ ಪೆಟ್ರೋಲ್ ಎಲ್ಲೋ ಹೊರಚೆಲ್ಲುತ್ತಿದೆ. ಮೂರನೆಯದು ಅಪಾಯದ್ದು, ತಕ್ಷಣ ಕೀಲಿ ಆರಿಸಿ ಬಾನೆಟ್ ಎತ್ತಿ ನೋಡಬೇಕು. ಎಂಜಿನ್ನಿಗೆ ಪೆಟ್ರೋಲ್ ಸಿಗುತ್ತಿಲ್ಲ, ಪಂಪಿನಲ್ಲೂ ಸದ್ದಿಲ್ಲ ಎಂದಾದರೆ ಬಹುಶಃ ಪಂಪಿನೊಳಗಿನ ವಿದ್ಯುತ್ ಪಾಯಿಂಟುಗಳು ಕೆಟ್ಟಿವೆ, ಅದಕ್ಕೂ ಬಿಸಿಗೂ ಸಂಬಂಧವಿಲ್ಲ. ಒಮ್ಮೆ ಟ್ಯಾಂಕಿನ ಮುಚ್ಚಳವನ್ನೂ ತೆರೆದು ನೋಡಿ. ಬುಸ್ ಎಂದು ಗಾಳಿ ಒಳಗೆ ನುಗ್ಗಿದರೆ ಟ್ಯಾಂಕಿಗೆ ಗಾಳಿಯಾಡುವ ದಾರಿ ಕಟ್ಟಿಕೊಂಡಿದೆ. ಆ ನಿರ್ವಾತ ಪಂಪಿನ ಹೀರುವ ಬಾಯಲ್ಲೇ ಆವಿ ಹುಟ್ಟಿಸಬಲ್ಲದು. ಅಮೆರಿಕಕ್ಕೆ ಹೋದ 1970ರ ದಶಕದ ಕಾರುಗಳಲ್ಲಿ ಈ ದಾರಿ ಇದ್ದಿಲು ತುಂಬಿದ ಡಬ್ಬಿಯ ಮೂಲಕ ಹೋಗುತ್ತದೆ. ಆ ಡಬ್ಬಿ ಕಟ್ಟಿಕೊಂಡರೂ ಇದೇ ಲಕ್ಷಣ.

ಬಿಸಿ ಎಂಜಿನ್ ಸ್ಟಾರ್ಟ್ ಮಾಡಲು ಎರಡು ಸಂದರ್ಭಕ್ಕೆ ಎರಡು ಕ್ರಮ, ಒಂದರ ಕ್ರಮ ಇನ್ನೊಂದಕ್ಕೆ ಆಗದು. ಬಾನೆಟ್ ಬಳಿ ಪೆಟ್ರೋಲ್ ವಾಸನೆ ಗಾಢವಾಗಿದ್ದರೆ, ಕುದಿದ ಪೆಟ್ರೋಲ್ ಜೆಟ್ಟಿನಿಂದ (ಕಾರ್ಬುರೇಟರಿಗೆ ಪೆಟ್ರೋಲ್ ಬರುವ ಸಣ್ಣ ರಂಧ್ರದಿಂದ) ಉಕ್ಕಿ, ಮಿಶ್ರಣ ಒಳಹೋಗುವ ಮ್ಯಾನಿಫೋಲ್ಡಿಗೆ ಇಳಿದಿದೆ. ಚೋಕ್ ಮುಟ್ಟಬಾರದು. ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು ಹತ್ತು ಸೆಕೆಂಡ್ ಸೆಲ್ಫ್ ಹೊಡೆದರೆ ಒಳಗಿನ ಆವಿ ಹೊರಹೋಗಿ, ಒಂದಿಷ್ಟು ಕಪ್ಪು ಹೊಗೆಯೊಂದಿಗೆ ಎಂಜಿನ್ ಹತ್ತಿಕೊಳ್ಳುತ್ತದೆ. ವಾಸನೆ ಇಲ್ಲದಿದ್ದರೆ ಚೇಂಬರ್ ಒಣಗಿದೆ. ಆಗ ಕೀಲಿ ತಿರುಗಿಸಿ ಪಂಪಿನ ಸದ್ದು ನಿಲ್ಲುವವರೆಗೆ ಕಾದು, ನಂತರ ಎಂದಿನಂತೆ ಸ್ಟಾರ್ಟ್ ಮಾಡಬೇಕು. ಎಸ್‌ಯು ಕಾರ್ಬುರೇಟರಿನಲ್ಲಿ ಪೆಡಲ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವ ಪಂಪು ಇಲ್ಲ. ಹಾಗಾಗಿ ಪೆಡಲನ್ನು ಪದೇಪದೇ ತುಳಿಯುವುದರಿಂದ ಏನೂ ಸಿಗದು.

ಈಗ ಬಿಸಿಯನ್ನು ತಗ್ಗಿಸುವ ವಿಚಾರ. ಶೀಲ್ಡು, ಬಟ್ಟೆ, ಫ್ಯಾನುಗಳಿಂದ ಬಿಸಿಯನ್ನು ತಡೆಯುವುದಕ್ಕಿಂತ ಮೊದಲು, ಹುಟ್ಟಬಾರದ ಬಿಸಿ ಹುಟ್ಟುತ್ತಿದೆಯೇ ನೋಡಬೇಕು. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಹಿಂದೆ ಬಿದ್ದಿದ್ದರೆ ಮಿಶ್ರಣ ತಡವಾಗಿ ಉರಿಯುತ್ತದೆ, ಆ ಶಕ್ತಿ ಪಿಸ್ಟನ್ನನ್ನು ತಳ್ಳುವ ಬದಲು ಎಕ್ಸಾಸ್ಟ್ ವಾಲ್ವು, ಹೆಡ್ಡು, ಮ್ಯಾನಿಫೋಲ್ಡುಗಳನ್ನು ಕಾಯಿಸುತ್ತದೆ. 1960ರ ದಶಕದ 8.8ಕ್ಕೆ 1 ಕಂಪ್ರೆಷನ್ನಿನ ಎಂಜಿನ್ನುಗಳಿಗೆ ಕೈಪಿಡಿ ಹೇಳುವ ಸ್ಥಿರ ಟೈಮಿಂಗ್ ಟಿಡಿಸಿಗೆ (ಪಿಸ್ಟನ್ ಮೇಲ್ತುದಿ ಮುಟ್ಟುವ ಬಿಂದುವಿಗೆ) 10 ಡಿಗ್ರಿ ಮುಂಚೆ. ನಂತರದ ಎಂಜಿನ್ನುಗಳಿಗೆ ಬೇರೆ ಅಂಕಿಗಳಿವೆ, ಎಂಜಿನ್ ಸಂಖ್ಯೆ ನೋಡಿ ಹೊಂದಿಸಬೇಕು. ಐಡಲಿಂಗಿನಲ್ಲಿ ಸರಿ ಇದ್ದರೆ ಸಾಲದು. ಡಿಸ್ಟ್ರಿಬ್ಯೂಟರಿನೊಳಗಿನ ತೂಕಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ವೇಗ ಏರಿದಾಗ ಟೈಮಿಂಗ್ ಮುಂದಕ್ಕೆ ಹೋಗುವುದೇ ಇಲ್ಲ. ವ್ಯಾಕ್ಯೂಮ್ ಪೈಪು ಕಳಚಿ, ಟೈಮಿಂಗ್ ಲೈಟು ಹಿಡಿದು, ನಿಧಾನವಾಗಿ 3500-4000 ಆರ್‌ಪಿಎಂವರೆಗೆ ಏರಿಸಿ ನೋಡಿದರೆ ಒಟ್ಟು ಸುಮಾರು 32 ಡಿಗ್ರಿ ಸಿಗಬೇಕು. ಇಪ್ಪತ್ತೆರಡಕ್ಕೇ ನಿಂತುಬಿಟ್ಟರೆ ಹೆದ್ದಾರಿಯಲ್ಲಿ ಕಾರು ಬಿಸಿಯಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ವ್ಯಾಕ್ಯೂಮ್ ಡಬ್ಬಿಯ ಪೈಪನ್ನು ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಎಳೆತ ಉಳಿಯದಿದ್ದರೆ ಒಳಗಿನ ಪೊರೆ ಹರಿದಿದೆ.

ಎರಡನೆಯದು ಮಿಶ್ರಣ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5 ಸಾಕು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರ್ ಅಷ್ಟೇ ಪ್ರಮಾಣದ ಇ20 ಬಿಡುತ್ತಿದ್ದರೆ ಮಿಶ್ರಣ ತೆಳುವಾಗಿ ಎಕ್ಸಾಸ್ಟಿನ ಬಿಸಿ ಏರುತ್ತದೆ. ಎಸ್‌ಯುವಿನ ಎಚ್‌ಎಸ್4 ಮಾದರಿಯ ಕಾರ್ಬುರೇಟರಿನಲ್ಲಿ ಜೆಟ್ಟಿನ ಕೆಳಗಿನ ನಟ್ಟನ್ನು ಕೆಳಮುಖವಾಗಿ ತಿರುಗಿಸಿದರೆ ಮಿಶ್ರಣ ದಪ್ಪವಾಗುತ್ತದೆ. ಒಮ್ಮೆಗೆ ಒಂದು ಮುಖ, ಅಂದರೆ ಆರನೇ ಒಂದು ಸುತ್ತು ಮಾತ್ರ, ಎರಡೂ ಕಾರ್ಬುರೇಟರಿಗೆ ಸಮನಾಗಿ. ನಂತರ ಬಂದ ಎಚ್‌ಐಎಫ್4ರಲ್ಲಿ ಪಕ್ಕದ ಸ್ಕ್ರೂವನ್ನು ಬಲಕ್ಕೆ ತಿರುಗಿಸಬೇಕು. ಪರೀಕ್ಷೆ ಸುಲಭ: ಎಂಜಿನ್ ಬಿಸಿಯಾದ ಮೇಲೆ ಐಡಲಿಂಗಿನಲ್ಲಿ ಕಾರ್ಬುರೇಟರಿನ ಪಿಸ್ಟನ್ನನ್ನು 1 ಮಿ.ಮೀ.ಗಿಂತ ತುಸು ಕಡಿಮೆ ಎತ್ತಿ. ವೇಗ ಏರಿ ಅಲ್ಲೇ ನಿಂತರೆ ಮಿಶ್ರಣ ದಪ್ಪ, ತಕ್ಷಣ ಬಿದ್ದರೆ ತೆಳು, ಕ್ಷಣಕಾಲ ಅಲ್ಪ ಏರಿ ಮತ್ತೆ ಮೊದಲಿನಂತಾದರೆ ಸರಿ. ಆದರೆ ನಟ್ಟು ಐಡಲಿಂಗನ್ನು ಬದಲಿಸಿದಷ್ಟು ಹೆದ್ದಾರಿ ವೇಗದ ಮಿಶ್ರಣವನ್ನು ಬದಲಿಸುವುದಿಲ್ಲ. ಅದನ್ನು ನಿರ್ಧರಿಸುವುದು ಜೆಟ್ಟಿನೊಳಗೆ ಇಳಿಯುವ ನೀಡಲ್ಲಿನ, ಅಂದರೆ ಸೂಜಿಯ, ಆಕಾರ. ಇ20 ಬಳಸಲೇಬೇಕಾದವರು ಒಂದು ದರ್ಜೆ ದಪ್ಪ ಮಿಶ್ರಣ ಕೊಡುವ ನೀಡಲ್ಲಿಗೆ ಹೋಗುವುದೇ ಸರಿಯಾದ ದಾರಿ.

ಮಿಶ್ರಣ ತೆಳುವಾಗಲು ಇನ್ನೊಂದು ಕಾರಣ ಗಾಳಿ ಸೋರಿಕೆ. ಮಿಶ್ರಣ ಒಳಹೋಗುವ ಮ್ಯಾನಿಫೋಲ್ಡ್ ಮತ್ತು ಕಾರ್ಬುರೇಟರ್ ನಡುವಿನ ಜೋಡಣೆಯ ಕ್ರಮವನ್ನು ಕಾಪಾಡಬೇಕು: ಮ್ಯಾನಿಫೋಲ್ಡ್, ಗ್ಯಾಸ್ಕೆಟ್, ಶಾಖ ತಡೆಯುವ ಫಿನಾಲಿಕ್ ದಪ್ಪ ಬಿಲ್ಲೆ, ಗ್ಯಾಸ್ಕೆಟ್, ಹೀಟ್ ಶೀಲ್ಡ್, ಗ್ಯಾಸ್ಕೆಟ್, ಕೊನೆಗೆ ಕಾರ್ಬುರೇಟರ್. ಯಾರೋ ಹಿಂದೆ ಬಿಚ್ಚಿದಾಗ ಒಂದು ಗ್ಯಾಸ್ಕೆಟ್ ಬಿಟ್ಟಿರುವುದು, ಬಿಲ್ಲೆ ಬಿರುಕು ಬಿಟ್ಟಿರುವುದು, ಕೆಲವೊಮ್ಮೆ ಹೀಟ್ ಶೀಲ್ಡನ್ನೇ ತೆಗೆದು ಎಸೆದಿರುವುದು ಸಾಮಾನ್ಯ. ಬಿಲ್ಲೆಯಿಲ್ಲದ ಕಾರ್ಬುರೇಟರ್ ಮ್ಯಾನಿಫೋಲ್ಡಿಗೆ ನೇರ ಲೋಹ ಸಂಪರ್ಕದಲ್ಲಿರುತ್ತದೆ. ಸಾವಿರಾರು ರೂಪಾಯಿಯ ಬೇರೆ ಉಪಾಯಗಳಿಗಿಂತ ಈ ಎರಡು ಬಿಲ್ಲೆಗಳು ಹೆಚ್ಚು ಕೆಲಸ ಮಾಡುತ್ತವೆ.

ಕೂಲಿಂಗ್ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೊಸದಾಗಿದ್ದಾಗ ಇದ್ದಂತೆ ಇಟ್ಟರೆ ಈ ಕಾರಿನ ರೇಡಿಯೇಟರ್ ಸಾಕಾಗುತ್ತದೆ. ಕಷ್ಟವೆಂದರೆ ಐವತ್ತು ಅರವತ್ತು ವರ್ಷದ ಬೀಡುಕಬ್ಬಿಣದ ಬ್ಲಾಕಿನೊಳಗೆ, ಮುಖ್ಯವಾಗಿ ಹಿಂದಿನ ಸಿಲಿಂಡರಿನ ಸುತ್ತ, ತುಕ್ಕಿನ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಬ್ಲಾಕಿನ ನೀರು ಬಿಡುವ ನಲ್ಲಿಯನ್ನು ತೆರೆದಾಗ ಏನೂ ಬರದಿದ್ದರೆ ಒಳಗೆ ಏನಿದೆ ಎಂದು ತಿಳಿದ ಹಾಗೆಯೇ. ನಲ್ಲಿಯನ್ನು ಪೂರ್ತಿ ಬಿಚ್ಚಿ, ತಂತಿಯಿಂದ ಕೆದಕಿ, ಥರ್ಮೋಸ್ಟಾಟ್ ತೆಗೆದು, ಹೋಸ್ ಪೈಪಿನಿಂದ ನೀರನ್ನು ಎಂದಿನ ಹರಿವಿಗೆ ವಿರುದ್ಧ ದಿಕ್ಕಿನಲ್ಲಿ ಬಿಡಬೇಕು. ಹಟಮಾರಿ ಪದರವಿದ್ದರೆ ಸುಮಾರು 5.4 ಲೀಟರಿನ ಈ ವ್ಯವಸ್ಥೆಗೆ ಅರ್ಧ ಕಿಲೋ ಸಿಟ್ರಿಕ್ ಆಸಿಡ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಹಾಕಿ, ಎಂಜಿನ್ ಬಿಸಿಯಾದ ಮೇಲೆ ಹತ್ತು ನಿಮಿಷ ಓಡಿಸಿ, ಆರಿದ ನಂತರ ಬಿಟ್ಟು, ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯಬೇಕು. ಥರ್ಮೋಸ್ಟಾಟ್ 82 ಡಿಗ್ರಿಯದು ಸಾಮಾನ್ಯಕ್ಕೆ, 74 ಡಿಗ್ರಿಯದು ಬಿಸಿ ನಾಡುಗಳಿಗೆಂದು ಕಾರ್ಖಾನೆಯೇ ಹೇಳಿತ್ತು. ಅದನ್ನು ತೆಗೆದೇ ಬಿಡುವುದು ನಮ್ಮ ಕಡೆ ಹಳೆಯ ರೂಢಿ, ಆದರೆ ತಪ್ಪು ರೂಢಿ. ಥರ್ಮೋಸ್ಟಾಟ್ ಎಂಜಿನ್ ಬಿಸಿಯ ಕೆಳಮಿತಿಯನ್ನು ಕಾಯುತ್ತದೆ. ಟ್ರಾಫಿಕ್ಕಿನಲ್ಲಿ ಕುದಿಯುವ ಕಾರಿನಲ್ಲಿ ಅದು ಹೇಗೂ ತೆರೆದೇ ಇರುತ್ತದೆ. ಹಿಮ ಬೀಳದ ಊರಿನಲ್ಲಿ ಕೂಲಂಟ್ ಮೂರನೇ ಒಂದು ಪಾಲು, ಉಳಿದದ್ದು ಶುದ್ಧೀಕರಿಸಿದ ನೀರು ಇದ್ದರೆ ಸಾಕು. ಶಾಖ ಹೊರುವುದರಲ್ಲಿ ನೀರು ಗ್ಲೈಕಾಲಿಗಿಂತ ಮೇಲು. ಫ್ಯಾನ್ ಬೆಲ್ಟನ್ನು ಉದ್ದನೆಯ ಭಾಗದ ನಡುವೆ ಒತ್ತಿದರೆ 13 ಮಿ.ಮೀ. ಬಾಗಬೇಕು. ರೇಡಿಯೇಟರಿನ ಅಂಚು ಮತ್ತು ಬಾಡಿಯ ನಡುವಿನ ಫೋಮ್, ರಬ್ಬರ್ ಪಟ್ಟಿಗಳು ಇಲ್ಲವಾಗಿದ್ದರೆ ಫ್ಯಾನು ಹೊರಗಿನ ಗಾಳಿಯ ಬದಲು ಎಂಜಿನ್ ಕೋಣೆಯ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ಆ ಪಟ್ಟಿಗಳನ್ನು ಮೊದಲು ಹಾಕಿ, ಹೊಸ ರೇಡಿಯೇಟರಿನ ಮಾತು ಆಮೇಲೆ.

ಇಷ್ಟಾದ ಮೇಲೆ ಹೀಟ್ ಶೀಲ್ಡ್. ಮೂಲ ಉಕ್ಕಿನ ಶೀಲ್ಡ್ ಮ್ಯಾನಿಫೋಲ್ಡಿನ ನೇರ ಶಾಖಕಿರಣವನ್ನು ತಡೆಯುತ್ತದೆ, ಆದರೆ ತಾನೇ ಕಾದು ನಿಧಾನಕ್ಕೆ ಹಿಂದಿನ ಬದಿಯಿಂದ ಬಿಸಿ ಬಿಡತೊಡಗುತ್ತದೆ. ಅದರ ಎಂಜಿನ್ ಕಡೆಯ ಮುಖಕ್ಕೆ ಅಲ್ಯೂಮಿನಿಯಂ ಹೊದಿಕೆಯ ಗಾಜಿನೆಳೆ ಅಥವಾ ಸೆರಾಮಿಕ್ ನಾರಿನ ಹಾಳೆ ಅಂಟಿಸಿದರೆ ಒಳ್ಳೆಯ ಗುಣ ಕಾಣುತ್ತದೆ. ಹೊಳೆಯುವ ಮುಖ ಮ್ಯಾನಿಫೋಲ್ಡಿನ ಕಡೆಗಿರಬೇಕು. ಶೀಲ್ಡನ್ನು ಎಣ್ಣೆಯಂಶವಿಲ್ಲದಂತೆ ಒರೆಸಿ, ಅಂಚುಗಳಿಗೆ ರಿವೆಟ್ ಹಾಕಿ. ಬರಿಯ ಅಂಟು ಬಿಸಿಗೆ ಬಿಟ್ಟುಕೊಂಡು ಹಾಳೆ ಮ್ಯಾನಿಫೋಲ್ಡಿನ ಮೇಲೆ ಜೋತುಬೀಳುತ್ತದೆ. ಹಳೆಯ ಶೀಲ್ಡಿನಲ್ಲಿ ಬೂದು ಬಣ್ಣದ ನಾರಿನ ಪದರವಿದ್ದರೆ ಅದನ್ನು ಆಸ್ಬೆಸ್ಟಾಸ್ ಎಂದೇ ಭಾವಿಸಬೇಕು. ಒಣದಾಗಿ ಕೆರೆಯುವುದು, ಮರಳುಕಾಗದ ಹಾಕುವುದು ಬೇಡವೇ ಬೇಡ. ಬೇರೆ ಶೀಲ್ಡ್ ಹಾಕುವುದೇ ಕ್ಷೇಮ.

ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಪಟ್ಟಿ ಸುತ್ತುವುದು ಜನಪ್ರಿಯ, ನೋಡಲೂ ಕೆಲಸ ಮಾಡಿದಂತೆ ಕಾಣುತ್ತದೆ. ಆದರೆ ಆ ಪಟ್ಟಿ ತೇವ ಹಿಡಿದಿಡುತ್ತದೆ, ಸೋರಿದ ಎಣ್ಣೆಯನ್ನೂ ಹೀರುತ್ತದೆ. ಆಗೊಮ್ಮೆ ಈಗೊಮ್ಮೆ ಹೊರಬರುವ ಕಾರಿನಲ್ಲಿ ತೆಳು ಉಕ್ಕಿನ ಕೊಳವೆಗಳು ಪಟ್ಟಿಯಡಿಯಲ್ಲಿ ತುಕ್ಕು ಹಿಡಿದು ಸೀಳುತ್ತವೆ. ಎಣ್ಣೆ ಹೀರಿದ ಪಟ್ಟಿಗೆ ಬೆಂಕಿ ಹತ್ತಬಹುದು. ಸೆರಾಮಿಕ್ ಲೇಪನ ಇದಕ್ಕಿಂತ ಎಷ್ಟೋ ಮೇಲು: ಒಳಗೂ ಹೊರಗೂ ಲೇಪನ ಮಾಡಿಸಿದರೆ ಶಾಖ ಅನಿಲದ ಜತೆಗೇ ಹಿಂದಕ್ಕೆ ಹೋಗುತ್ತದೆ. ಇನ್ನೊಂದು ಮಾತು. ಮೂಲ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ತೆಗೆದು ಹೊಳೆಯುವ ಕೊಳವೆಗಳ ಹೆಡರ್ ಹಾಕಿದಲ್ಲಿಂದಲೇ ಅನೇಕ ಕಾರುಗಳ ಈ ತೊಂದರೆ ಶುರುವಾಗಿರುತ್ತದೆ. ತೆಳು ಉಕ್ಕು ಬೇಗ ಕಾಯುತ್ತದೆ, ಹೆಚ್ಚು ಬಿಸಿ ಚೆಲ್ಲುತ್ತದೆ. ಮೂಲ ಮ್ಯಾನಿಫೋಲ್ಡ್ ಕಟ್ಟಿಟ್ಟಿದ್ದರೆ ಅದನ್ನೇ ಲೇಪನ ಮಾಡಿಸಿ ವಾಪಸ್ ಹಾಕುವುದನ್ನು ಗಂಭೀರವಾಗಿ ಯೋಚಿಸಿ.

ಪೆಟ್ರೋಲ್ ಪೈಪಿನ ವಿಷಯದಲ್ಲಿ ಲೋಹದ ಪೈಪು ಎಕ್ಸಾಸ್ಟಿನ ಹತ್ತಿರ ಹಾದುಹೋಗುವಲ್ಲೆಲ್ಲ ಕನಿಷ್ಠ 50 ಮಿ.ಮೀ. ಅಂತರ ಬೇಕು, ಸಿಗದಿದ್ದರೆ ನಡುವೆ ತಗಡಿನ ತಡೆ. ಎಂಜಿನ್ ಕೋಣೆಯ ರಬ್ಬರ್ ಹೋಸುಗಳನ್ನು ಎಥನಾಲ್ ತಾಳುವ ಎಸ್‌ಎಇ ಜೆ30 ಆರ್9 ದರ್ಜೆಯವಕ್ಕೆ ಬದಲಿಸಬೇಕು. ಹಳೆಯ ದರ್ಜೆಯ ಹೋಸು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತ ಒಳಗಿನಿಂದ ಉದುರುತ್ತದೆ, ಆ ಕರಿಪುಡಿ ಚೇಂಬರಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವಿನಲ್ಲಿ ಸಿಕ್ಕಿ ಚೇಂಬರ್ ಉಕ್ಕುತ್ತದೆ. ಹೋಸಿನ ಮೇಲೆ ಅಲ್ಯೂಮಿನಿಯಂ ಹೊದಿಕೆಯ ಗಾಜಿನೆಳೆಯ ತೋಳು ಹಾಕಬಹುದು; ಓಡುವಾಗ ಅದು ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ನಿಂತಾಗ ಬಿಸಿಯೇರುವುದನ್ನು ತಡಮಾಡುತ್ತದೆ. ಇದರ ಮೇಲೂ ಬೇಕೆನ್ನುವವರಿಗೆ ಟ್ಯಾಂಕಿಗೆ ಮರಳುವ ಪೈಪು ಇದೆ: ಕಾರ್ಬುರೇಟರಿಗೆ ಮುಂಚೆ ಟಿ-ಜೋಡಣೆ, ಅದರ ಮೂರನೇ ಬಾಯಲ್ಲಿ ಸುಮಾರು 1 ಮಿ.ಮೀ. ರಂಧ್ರದ ತಡೆ, ಅಲ್ಲಿಂದ ಟ್ಯಾಂಕಿಗೆ ಪೈಪು. ಪೆಟ್ರೋಲ್ ಸದಾ ಸುತ್ತುತ್ತಿರುವುದರಿಂದ ಪೈಪು ತಣ್ಣಗಿರುತ್ತದೆ, ಆವಿಗೂ ಹೊರಹೋಗುವ ದಾರಿಯಿರುತ್ತದೆ. ರಂಧ್ರ ದೊಡ್ಡದಾದರೆ ಕಾರ್ಬುರೇಟರಿಗೆ ಪೆಟ್ರೋಲ್ ಸಾಲದಾಗುತ್ತದೆ. ಇದನ್ನು ಮಾಡುವ ಮೊದಲು ಪಂಪಿನ ಶಕ್ತಿ ನೋಡಬೇಕು: ಕಾರ್ಬುರೇಟರ್ ಬಳಿ ಹೋಸು ಕಳಚಿ, ತಣ್ಣಗಿನ ಎಂಜಿನ್ನಿನಲ್ಲಿ, ಅಳತೆಯ ಡಬ್ಬಿಗೆ ಬಿಟ್ಟರೆ ನಿಮಿಷಕ್ಕೆ ಅರ್ಧ ಲೀಟರಾದರೂ ಬರಬೇಕು. ಟ್ಯಾಂಕಿಗೆ ಹೊಸ ಬಾಯಿ ಕೂರಿಸುವ ಕೆಲಸವನ್ನು ಟ್ಯಾಂಕು ತೊಳೆದು ಆವಿ ತೆಗೆಯುವುದನ್ನು ಬಲ್ಲವರಿಗೇ ಬಿಡಿ. ಖಾಲಿ ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಜ್ವಾಲೆ ತಾಗಿದರೆ ಸ್ಫೋಟ. ಹೆಚ್ಚು ಒತ್ತಡದ ಪಂಪು ಹಾಕುವುದು ಪರಿಹಾರವಲ್ಲ. 4 ಪೌಂಡ್ ದಾಟಿದರೆ ಎಸ್‌ಯು ನೀಡಲ್ ವಾಲ್ವು ತಡೆಯಲಾರದೆ ಚೇಂಬರ್ ಉಕ್ಕುತ್ತದೆ.

ನಿಂತ ಮೇಲಿನ ಆ ಇಪ್ಪತ್ತು ನಿಮಿಷಕ್ಕೆ ನೇರ ಮದ್ದೆಂದರೆ ಗಾಳಿ. ದೋಣಿಗಳ ತಳದ ಪೆಟ್ರೋಲ್ ಆವಿ ಹೊರಹಾಕಲೆಂದೇ ತಯಾರಾಗುವ 12 ವೋಲ್ಟಿನ ಬ್ಲೋವರ್ ಸಿಗುತ್ತದೆ, 75 ಮಿ.ಮೀ. ಬಾಯಿಯದು, ಮೋಟಾರಿನ ಕಿಡಿ ಹೊರಬರದಂತೆ ಮುಚ್ಚಿದ್ದು. ಅದನ್ನು ಗ್ರಿಲ್ಲಿನ ಹಿಂದೆ ಕೂರಿಸಿ, ಬಾಗುವ ಪೈಪಿನಲ್ಲಿ ಹೊರಗಿನ ಗಾಳಿಯನ್ನು ಎರಡು ಫ್ಲೋಟ್ ಚೇಂಬರಿನ ಮೇಲೆ ಬೀಳುವಂತೆ ಮಾಡಿ. ಕೀಲಿ ಆರಿಸಿದ ಮೇಲೆ ಹತ್ತು ನಿಮಿಷ ಓಡುವಂತೆ ಟೈಮರ್ ರಿಲೇ, 10 ಆಂಪಿಯರ್ ಫ್ಯೂಸು. 4 ಆಂಪಿಯರ್ ಎಳೆದರೂ ಹತ್ತು ನಿಮಿಷಕ್ಕೆ ಒಂದು ಆಂಪಿಯರ್-ಗಂಟೆಯೊಳಗೇ ಮುಗಿಯುತ್ತದೆ, ಬ್ಯಾಟರಿಗೆ ಭಾರವಲ್ಲ. ಬಾಡಿಯಲ್ಲಿ ಹೊಸ ತೂತು ಕೊರೆಯದೆ ಇದನ್ನು ಮಾಡಬಹುದು, ನಾಳೆ ಬಿಚ್ಚಿದರೆ ಗುರುತೂ ಉಳಿಯದು. ಹಳೆಯ ಕಾರಿಗೆ ಮಾಡುವ ಬದಲಾವಣೆ ಹೀಗೆ ಹಿಂತೆಗೆಯುವಂಥದ್ದಾಗಿರಬೇಕು. ಬಾನೆಟ್ಟಿನ ಹಿಂದಿನ ಅಂಚನ್ನು ಎತ್ತಿ ಬೋಲ್ಟ್ ಹಾಕುವುದನ್ನು ಅನೇಕರು ಮಾಡುತ್ತಾರೆ. ನಿಂತಾಗ ಅದರಿಂದ ಬಿಸಿ ಹೊರಹೋಗುವುದು ನಿಜ, ಆದರೆ ಓಡುವಾಗ ವಿಂಡ್‌ಸ್ಕ್ರೀನಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುವುದರಿಂದ ಗಾಳಿ ಅಲ್ಲಿಂದ ಒಳನುಗ್ಗಿ, ರೇಡಿಯೇಟರಿನ ಮೂಲಕ ಬರಬೇಕಾದ ಹರಿವನ್ನೇ ತಡೆಯುತ್ತದೆ. ಅದಕ್ಕಿಂತ, ನಿಲ್ಲಿಸಿದಾಗ ಬಾನೆಟ್ಟನ್ನು ಪೂರ್ತಿ ಎತ್ತಿಡುವುದು ಸರಳ, ಖರ್ಚೂ ಇಲ್ಲ. ಕಾದ ಮ್ಯಾನಿಫೋಲ್ಡಿನ ಮೇಲೆ ಮಾತ್ರ ನೀರು ಸುರಿಯಬಾರದು, ಬೀಡುಕಬ್ಬಿಣ ಸೀಳುತ್ತದೆ.

ಫ್ಲೋಟಿನ ಮಟ್ಟವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಮಟ್ಟ ಮೇಲಿದ್ದಷ್ಟೂ ಕುದಿ ಶುರುವಾದ ಕೂಡಲೇ ಪೆಟ್ರೋಲ್ ಜೆಟ್ಟಿನಿಂದ ಉಕ್ಕುತ್ತದೆ. ಎಚ್‌ಎಸ್4ರಲ್ಲಿ ಚೇಂಬರಿನ ಮುಚ್ಚಳವನ್ನು ತಲೆಕೆಳಗಾಗಿ ಹಿಡಿದಾಗ ಫ್ಲೋಟ್ ಮತ್ತು ಮುಚ್ಚಳದ ಅಂಚಿನ ನಡುವೆ 3ರಿಂದ 5 ಮಿ.ಮೀ. ಇರಬೇಕು. 3 ಮಿ.ಮೀ. ಡ್ರಿಲ್ ಬಿಟ್ಟಿನ ಹಿಡಿಯೇ ಅಳತೆಗೋಲಾಗುತ್ತದೆ. ಮುಚ್ಚಳದಿಂದ ಹೊರಡುವ ಓವರ್‌ಫ್ಲೋ ಪೈಪುಗಳು ಜಾಗದಲ್ಲಿವೆಯೇ, ಎಕ್ಸಾಸ್ಟ್ ದಾಟಿ ಕೆಳಗೆ ನೆಲದತ್ತ ಇಳಿದಿವೆಯೇ ನೋಡಿ. ಅವು ಕಳಚಿದ್ದರೆ ಉಕ್ಕಿದ ಪೆಟ್ರೋಲ್ ನೇರ ಮ್ಯಾನಿಫೋಲ್ಡಿನ ಮೇಲೆ ಬೀಳುತ್ತದೆ. ಈ ಕಾರಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಲು ಇದೊಂದೇ ಕಾರಣ ಸಾಕು. ಅದು ಡಿಕ್ಕಿಯಲ್ಲಲ್ಲ, ಸೀಟಿನ ಪಕ್ಕ ಕೈಗೆಟುಕುವಂತಿರಬೇಕು.

ಒಂದೊಂದು ಬದಲಾವಣೆಯ ನಂತರವೂ ಅಳೆದು ನೋಡಿ, ಎರಡನ್ನು ಒಟ್ಟಿಗೆ ಮಾಡಬೇಡಿ. ಒಂದೇ ದಾರಿಯಲ್ಲಿ, ದಿನದ ಒಂದೇ ಹೊತ್ತಿನಲ್ಲಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಫ್ಲೋಟ್ ಚೇಂಬರಿನ ಬಿಸಿಯನ್ನು ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಐದೈದು ನಿಮಿಷಕ್ಕೆ ಬರೆದುಕೊಳ್ಳಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಚೇಂಬರಿಗೆ ಕಪ್ಪು ಟೇಪಿನ ತುಂಡು ಅಂಟಿಸಿ ಅದರ ಮೇಲೆ ಗುರಿಯಿಡಿ. ಇಪ್ಪತ್ತನೇ ನಿಮಿಷಕ್ಕೆ ಕೀಲಿ ತಿರುಗಿಸಿ ಪಂಪಿನ ಬಡಿತ ಎಣಿಸಿ. ಪ್ರತಿ ಬಡಿತವೂ ಚೇಂಬರಿನಿಂದ ಆವಿಯಾಗಿ ಹೋದ ಒಂದಷ್ಟು ಪೆಟ್ರೋಲಿನ ಲೆಕ್ಕ. ಬಿಲ್ಲೆ ಬದಲಿಸಿದ ಮೇಲೆ, ಶೀಲ್ಡಿಗೆ ಹಾಳೆ ಅಂಟಿಸಿದ ಮೇಲೆ, ಬ್ಲೋವರ್ ಕೂರಿಸಿದ ಮೇಲೆ ಆ ಎಣಿಕೆ ಇಳಿಯದಿದ್ದರೆ ಆ ಕೆಲಸದಿಂದ ಪ್ರಯೋಜನವಾಗಿಲ್ಲ. ತಣ್ಣಗಿನ ಕಾರಿನ ಎಣಿಕೆಗೆ ಸಮನಾಗಿ ಇಳಿದ ದಿನ ಮುಂದಿನ ಭಾಗ ಕೊಳ್ಳುವುದನ್ನು ನಿಲ್ಲಿಸಬಹುದು.